ಕೊಲೆ ಕಡಿಮೆಯಾದ ಊರಿನ ಕ್ರೈಮ್ ವರದಿಗಾರರು

ಕ್ರೈಮ್ ವರದಿಗಾರರಿಗೆ ಈಚೆಗೆ ಊರಿನ ಮೇಲೇ ಮುನಿಸು. ಅವರು ಕೆಲಸಕ್ಕೆ ಸೇರಿದ ಹೊಸತರಲ್ಲಿ ವಾರಕ್ಕೊಂದು ಚೂರಿ ಇರಿತ, ತಿಂಗಳಿಗೊಂದು ಕೊಲೆ ತಪ್ಪುತ್ತಿರಲಿಲ್ಲ. ಬರುಬರುತ್ತ ರೌಡಿಗಳಿಗೆ ಮಂಡಿನೋವು ಬಂತು, ಅವರ ಮಕ್ಕಳು ಟೈಲ್ಸ್ ಅಂಗಡಿ ತೆರೆದರು, ಊರು ತಣ್ಣಗಾಯಿತು. ನೆಂಟರು ಬಂದರೆ ಈಗಲೂ ಸಂಜೆ ವಾಕಿಂಗಿಗೆ ಕರೆದೊಯ್ದು, "ಇಗೋ, ಈ ಕಂಬದ ಹತ್ರ ಮಚ್ಚು, ಆ ಸಲೂನ್ ಮುಂದೆ ಚೂರಿ" ಎಂದು ಅರಮನೆ ತೋರಿಸಿದಷ್ಟು ಹೆಮ್ಮೆಯಿಂದ ತೋರಿಸುತ್ತಾರೆ. ಬೆಳಿಗ್ಗೆ ಸ್ಟೇಷನ್ನಿಗೆ ಕಾಲಿಟ್ಟ ಕೂಡಲೇ ಇನ್ಸ್‌ಪೆಕ್ಟರನ್ನು, "ಇವತ್ತೂ ಬೈಕ್ ಕಳ್ಳತನವೇನಾ? ನನ್ನ ಅನ್ನಕ್ಕೆ ಕಲ್ಲು ಹಾಕ್ತಿದ್ದೀರಲ್ರೀ!" ಎಂದು ಗದರುತ್ತಾರೆ. ಸಂಪಾದಕರು ಅಪರಾಧದ ಪುಟ ನಿಲ್ಲಿಸಿದ ದಿನವಂತೂ ಕಚೇರಿಯವರೆಲ್ಲ ಸಾವಿನ ಮನೆಗೆ ಬಂದವರಂತೆ ಒಬ್ಬೊಬ್ಬರಾಗಿ ಬಂದು ಸಮಾಧಾನ ಹೇಳಿದರು. ಮೊನ್ನೆ, ಎಷ್ಟೋ ಕಾಲದ ಮೇಲೆ, ಪಾರ್ಕಿಂಗ್ ಜಗಳದಲ್ಲಿ ಒಬ್ಬ ಯುವಕನ ಕೊಲೆಯಾಯಿತು. "ಸಾರ್, ಕೊನೆಗೂ ನಿಮಗೆ ಕೆಲಸ ಬಂತು!" ಎಂದು ಉಪಸಂಪಾದಕ ಓಡಿಬಂದ. ವರದಿಗಾರರು ನಗಲಿಲ್ಲ. ಸತ್ತವನ ಫೋಟೊ ಕೇಳಿ ತರಲು ಅವನ ಮನೆಗೆ ಹೋದರು. ಬಾಗಿಲಲ್ಲಿ ಕೂತಿದ್ದ ತಾಯಿ ತಲೆಯೆತ್ತಿ ಅವರನ್ನೇ ನೋಡಿ, "ಬನ್ನಿ. ನಮ್ಮಣ್ಣನ್ನ ಕೊಂದಾಗ್ಲೂ ಫೋಟೊ ಕೇಳೋಕೆ ನೀವೇ ಬಂದಿದ್ರಿ" ಎಂದರು. ವರದಿಗಾರರು ಚಪ್ಪಲಿ ಕಳಚಿ ಆಕೆಯ ಪಕ್ಕದಲ್ಲಿ ನೆಲದ ಮೇಲೆ ಕೂತರು. ಕಚೇರಿಯಿಂದ ಫೋನ್ ಮೇಲೆ ಫೋನ್ ಬಂದರೂ ಕತ್ತಲಾಗುವವರೆಗೆ ಏಳಲಿಲ್ಲ.