ಬಸ್ಸಿನಲ್ಲಿ ತೆರೆದ ಬೀಗ

ನಮ್ಮ ಮಂಗಳೂರಿನ ಬಸ್ಸುಗಳಲ್ಲಿ ನಿಂತವರು ಕೂತವರ ತೊಡೆ ಮೇಲೆ ಚೀಲ ಇಡುವಾಗ ಯಾರನ್ನೂ ಕೇಳುವುದಿಲ್ಲ. ಮೊನ್ನೆ ಸುರತ್ಕಲ್ಲಿಗೆ ಹೋಗುವಾಗ ನನ್ನ ತೊಡೆ ಮೇಲೂ ಒಬ್ಬರು ದೊಡ್ಡ ಚೀಲ ಇಟ್ಟರು. ಅದರ ಜಿಪ್ಪಿಗೆ ಪುಟ್ಟ ಬೀಗ ಇದ್ದದ್ದನ್ನು ನಾನು ಗಮನಿಸಲಿಲ್ಲ. ಒಳ್ಳೆ ಮೇಜು ಸಿಕ್ಕಿತೆಂದು, ಅಭ್ಯಾಸಕ್ಕೆಂದು ಜೊತೆಗಿಟ್ಟುಕೊಂಡಿದ್ದ ನನ್ನ ಬೀಗವನ್ನು ಅದರ ಮೇಲೆ ಇಟ್ಟು, ತಂತಿಯ ಕಡ್ಡಿ ತೂರಿಸಿದೆ.

ಕೀ ಇಲ್ಲದೆ ಬೀಗ ತೆರೆಯುವುದು ನನ್ನ ಹೊಸ ಹವ್ಯಾಸ. ಈ ಬೀಗದೊಳಗೆ ಮೋಸದ ಪಿನ್ನುಗಳಿವೆ. ಬೀಗ ಸ್ವಲ್ಪ ತಿರುಗಿ, ಇನ್ನೇನು ತೆರೆಯಿತು ಎಂದು ನಂಬಿಸಿ, ಅಲ್ಲೇ ನಿಂತುಬಿಡುತ್ತದೆ. ಆಗ ತಿರುಗಿಸುವ ಕೈಯನ್ನು ಕೊಂಚ ಸಡಿಲ ಬಿಡಬೇಕು. ನನಗೋ ಹಟ, ಇನ್ನಷ್ಟು ಒತ್ತುತ್ತೇನೆ. ಹಾಗಾಗಿ ಅದು ಒಮ್ಮೆಯೂ ತೆರೆದಿರಲಿಲ್ಲ.

ಕೂಳೂರು ಸೇತುವೆಯ ಹತ್ತಿರ ಡ್ರೈವರ್ ಬ್ರೇಕ್ ಹಾಕಿದ. ನನ್ನ ಕೈ ಸಡಿಲವಾಯಿತು, ಬೀಗ ಟಕ್ಕೆಂದಿತು.

"ತೆರೆಯಿತು!" ಎಂದು ಕೂಗಿಯೇಬಿಟ್ಟೆ.

"ಎಂತ ತೆರೆದದ್ದು?" ಎನ್ನುತ್ತಾ ಚೀಲದವರು ಬಗ್ಗಿ ತಮ್ಮ ಬೀಗ ಎಳೆದು ನೋಡಿದರು. ಅದು ಭದ್ರವಾಗಿತ್ತು. ಅಷ್ಟರಲ್ಲಿ ಇಡೀ ಬಸ್ಸು ನನ್ನನ್ನೇ ನೋಡುತ್ತಿತ್ತು. ತೆರೆದದ್ದು ನನ್ನದೇ ಬೀಗ ಎಂದು ತೋರಿಸಲು ಕಿಸೆಯಿಂದ ಅದರ ಕೀ ತೆಗೆದು, ಹಾಕಿ, ತಿರುಗಿಸಿದೆ.

ಅವರ ಸಂಶಯ ಇನ್ನೂ ಜಾಸ್ತಿಯಾಯಿತು.

"ಕೀ ಉಂಟಲ್ಲ ಮಾರಾಯ್ರೆ, ಮತ್ತೆ ಕಡ್ಡಿ ಎಂತಕ್ಕೆ?"

"ಖುಷಿಗೆ" ಎಂದೆ.

ಅವರು ಚೀಲ ಎತ್ತಿ ಎದೆಗವಚಿಕೊಂಡರು. ಸುರತ್ಕಲ್ ತನಕ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಆದರೂ ಮೀನಿನ ಒಂದು ಪ್ಲಾಸ್ಟಿಕ್ ತೊಟ್ಟೆಯನ್ನು ಕೂಡ ಯಾರೂ ನನ್ನನ್ನು ನಂಬಿ ತೊಡೆ ಮೇಲೆ ಇಡಲಿಲ್ಲ.