ಪೈಪಿನವ ಬರೆದ ಮದುಮಗಳು

ಅವನ ಕೆಳತುಟಿಯ ನಡುವೆ ಹುಣಸೆಬೀಜ ಕೂರುವಷ್ಟು ಗುಳಿಯಿತ್ತು. ನೀರಿನ ಪೈಪಿನ ತುಂಡಿಗೆ ಬಿಸಿ ಕಂಬಿಯಿಂದ ತೂತು ಕೊರೆದು ಕೊಳಲು ಮಾಡಿಕೊಂಡಿದ್ದ; ಅದನ್ನು ಊದಿ ಊದಿ ಆದ ಗುಳಿ. ಬಲಗೈ ಬೆರಳುಗಳು ಯಾವಾಗಲೂ ಮಸಿ. ಊರಿಗೆಲ್ಲ ಅವನು ಪೈಪಿನವ. ನಾನೂ ಹಾಗೆಯೇ ಕರೆದೆ.

ಸಿದ್ಧಕಟ್ಟೆಯಲ್ಲಿ ನಮ್ಮ ಮನೆಯ ಹಿಂದಿನ ಕಟ್ಟಿಗೆ ಕೋಣೆಯಲ್ಲಿ ಹದಿನಾಲ್ಕು ವರ್ಷ ಇದ್ದ. ಗಂಡನ ಕಡೆಯ ದೂರದ ಸಂಬಂಧ. ಪ್ರೀತಿಯಿಂದ ಇಟ್ಟುಕೊಂಡೆ ಎಂದು ಸುಳ್ಳು ಹೇಳುವುದಿಲ್ಲ. ಕಟ್ಟಿಗೆ ಒಡೆಯಲು ಜನ ಬೇಕಿತ್ತು. ಅವನಿಗೆ ತಲೆಯ ಕಾಯಿಲೆ, ಇಲ್ಲದವರ ಮಾತು ಕೇಳಿಸುತ್ತಿತ್ತು. ಮೂಡುಬಿದಿರೆಯ ಡಾಕ್ಟರು ಬರೆದ ಮಾತ್ರೆಯನ್ನು ಎರಡು ಹೊತ್ತು ಗಂಜಿಯ ಜೊತೆ ನಾನೇ ಕೊಟ್ಟು, ನುಂಗಿದನೋ ಎಂದು ಬಾಯಿ ತೆರೆಸಿ ನೋಡುತ್ತಿದ್ದೆ.

"ನಾನೇನು ಕಂಬಳದ ಕೋಣವಾ ಅಕ್ಕ, ಹಲ್ಲು ನೋಡ್ಲಿಕ್ಕೆ?"

"ಕೋಣ ಆದ್ರೆ ಹೇಳಿದ ಹಾಗೆ ಕೇಳ್ತಿತ್ತು ಮಾರಾಯ. ನಾಲಿಗೆ ಮೇಲೆ ಮಾಡು."

ನಮ್ಮ ಕಡೆ ಸತ್ತ ಮಕ್ಕಳಿಗೂ ವಯಸ್ಸಾಗುತ್ತದೆ. ಪ್ರಾಯಕ್ಕೆ ಬಂದಾಗ ಆಟಿಯಲ್ಲಿ, ಅಂದರೆ ಆಷಾಢದ ಮಳೆಯ ತಿಂಗಳಲ್ಲಿ, ಎರಡು ಮನೆಯವರು ಸೇರಿ, ಸತ್ತ ಹುಡುಗನಿಗೂ ಸತ್ತ ಹುಡುಗಿಗೂ ಮದುವೆ ಮಾಡುತ್ತಾರೆ. ಕುಲೆ ಮದುವೆ ಎಂದು ಹೆಸರು. ಒಂದು ಕುರ್ಚಿಯ ಮೇಲೆ ಸೀರೆ, ಇನ್ನೊಂದರ ಮೇಲೆ ಪಂಚೆ, ಅವೇ ಮದುಮಕ್ಕಳು. ಊಟವೂ ಇರುತ್ತದೆ, ಬೀಗರ ಜಗಳವೂ ಇರುತ್ತದೆ. ಇಂಥ ಮದುವೆಗಳಿಗೆ ಪೈಪಿನವನನ್ನು ಊದಲು ಕರೆಯುತ್ತಿದ್ದರು. ಯಾರ ಹತ್ತಿರವೂ ಕಲಿತ ವಿದ್ಯೆಯಲ್ಲ. ಒಂದು ಸ್ವರವನ್ನು ಉದ್ದಕ್ಕೆ ಎಳೆದು, ನಿಲ್ಲಿಸಿ, ಕುರ್ಚಿಗಳ ಕಡೆ ಕಿವಿಗೊಟ್ಟು, ಸರಿ ಎಂದು ತಲೆಯಾಡಿಸಿ ಮುಂದುವರಿಸುತ್ತಿದ್ದ. ನೆಂಟರು ತಲೆ ತಗ್ಗಿಸಿ ಬಾಳೆಲೆಯನ್ನೇ ನೋಡುತ್ತಿದ್ದರು.

ಮಾತ್ರೆ ಶುರುವಾಗುವ ಮೊದಲು ಆ ಮದುಮಕ್ಕಳ ಮುಖವನ್ನೂ ಮಸಿಯಲ್ಲಿ ಬರೆದು ಕೊಡುತ್ತಿದ್ದನಂತೆ, ಬೆಳೆದಿದ್ದರೆ ಹೇಗಿರುತ್ತಿದ್ದರೋ ಹಾಗೆ. ತೋಡಾರಿನ ಒಂದು ಮನೆಯಲ್ಲಿ ಅಂಥ ಚಿತ್ರವನ್ನು ನಾನೇ ನೋಡಿದ್ದೇನೆ. ಆ ತಾಯಿ ಅದಕ್ಕೆ ದಿನಾ ಹೂ ಇಡುತ್ತಿದ್ದಳು.

ನನಗೂ ಒಬ್ಬಳು ಮಗಳಿದ್ದಳು, ಹನ್ನೊಂದು ದಿನ. ಫೋಟೋ ಇಲ್ಲ. ಮಗನ ಸಂಬಂಧ ಮೂರನೆಯ ಸಲ ಮುರಿದಾಗ, ಅಕ್ಕನದ್ದು ಆಗದೆ ತಮ್ಮನದ್ದು ಆಗುವುದಿಲ್ಲ ಎಂದರು ಜ್ಯೋತಿಷಿ. ಬಂಟ್ವಾಳದ ಕಡೆಯ, ಹೊಳೆಯಲ್ಲಿ ಮುಳುಗಿ ಹೋದ ಹುಡುಗನೊಬ್ಬ ಕೂಡಿ ಬಂದ. ಮದುವೆಯ ಮೊದಲು ನನಗೆ ಮಗಳ ಮುಖ ನೋಡಬೇಕಿತ್ತು. ಪೈಪಿನವನನ್ನು ಕೇಳಿದೆ.

"ಮಾತ್ರೆ ತಿಂದ್ರೆ ಅವರು ಬರುದಿಲ್ಲ ಅಕ್ಕ."

"ಹಾಗಾದ್ರೆ ನಾಲ್ಕು ದಿನ ಬಿಡುವ."

"ಬೇಡ. ಬಂದ್ರೆ ಅವಳೊಬ್ಬಳೇ ಬರುದಲ್ಲ."

ಮಾತ್ರೆಯನ್ನು ಅಕ್ಕಿ ಡಬ್ಬಿಯೊಳಗೆ ಬಚ್ಚಿಟ್ಟೆ. ಐದು ದಿನ ಬರೀ ಗಂಜಿ ಕೊಟ್ಟೆ. ಅವನು ಗಂಜಿ ಕುಡಿದು, ಅಭ್ಯಾಸದಂತೆ ಬಾಯಿ ತೆರೆದು ತೋರಿಸುತ್ತಿದ್ದ.

ಆರನೆಯ ದಿನ ಬೆಳಿಗ್ಗೆ ಕೋಣೆಯ ಬಾಗಿಲು ದೂಡಿದೆ. ನಾಲ್ಕು ಗೋಡೆಯ ತುಂಬ ಹೆಣ್ಣುಮಕ್ಕಳು, ನೆಲದಿಂದ ಹಂಚಿನವರೆಗೆ. ಜಡೆ, ಮಲ್ಲಿಗೆ, ಸೆರಗು. ಎಲ್ಲರೂ ನನಗೆ ಬೆನ್ನು ಹಾಕಿ ನಿಂತಿದ್ದರು. ಮುಖ ಒಂದೂ ಇಲ್ಲ. ಅವನ ಬೆರಳ ತುದಿಯಲ್ಲಿ ಚರ್ಮವಿರಲಿಲ್ಲ. ಪೈಪನ್ನು ಗೋಡೆಗೆ ಒತ್ತಿ ಮೆಲ್ಲಗೆ ಊದುತ್ತಿದ್ದವನು ನನ್ನನ್ನು ಕಂಡು ನಿಲ್ಲಿಸಿದ.

"ತಿರುಗ್ಲಿಕ್ಕೆ ಹೇಳ್ತಾ ಇದ್ದೇನೆ ಅಕ್ಕ. ನೀವು ಹೊರಗೆ ನಿಲ್ಲಿ, ನಿಮಗೆ ಹೆದರ್ತಾರೆ."

ಎರಡು ತಿಂಗಳು ಆಸ್ಪತ್ರೆಯಲ್ಲಿಟ್ಟರು. ಮಾತ್ರೆ ತಪ್ಪಿತ್ತಾ ಎಂದು ಡಾಕ್ಟರು ನನ್ನನ್ನೇ ಕೇಳಿದರು. ನಾನು ಬಾಯಿ ತೆರೆಯುವ ಮೊದಲು ಮಂಚದಿಂದ ಅವನ ಸ್ವರ ಬಂತು: "ನಾನೇ ಉಗುಳಿದ್ದು. ಅಕ್ಕನಿಗೆ ಗೊತ್ತಿಲ್ಲ."

ಮಗಳ ಮದುವೆ ಚಿತ್ರವಿಲ್ಲದೆ, ಪೈಪಿಲ್ಲದೆ ಆಯಿತು. ಗೋಡೆಗೆ ಎರಡು ಸಲ ಸುಣ್ಣ ಬಳಿದೆ. ಅವನು ಮರಳಿ ಬಂದ. ಮತ್ತೆ ಮಾತ್ರೆ, ಗಂಜಿ. ಒಂದು ಮಧ್ಯಾಹ್ನ ನಾನು ಬೀಡಿ ಕಟ್ಟುತ್ತಿದ್ದಾಗ ಎದುರು ಕುಳಿತು, ನನ್ನನ್ನು ನೋಡಿ ನೋಡಿ ಕ್ಯಾಲೆಂಡರಿನ ಹಿಂಬದಿಯಲ್ಲಿ ಏನೋ ಬರೆದ.

"ಅವರು ಈಗ ಬರುದಿಲ್ಲ ಅಕ್ಕ. ಇದು ನಿಮ್ಮನ್ನು ನೋಡಿ ಬರೆದದ್ದು."

ನನ್ನ ಹಣೆ, ನನ್ನ ಗಂಡನ ಮೂಗು. ಎದುರು ಮುಖ. ಎಡಗಿವಿಯ ಪಕ್ಕದಲ್ಲಿ ಸಾಸಿವೆಯಷ್ಟು ಒಂದು ಮಾಂಸದ ಕಾಳು.

"ಇದೆಂತದು?"

"ಮಸಿ ಬಿದ್ದದ್ದು ಇರ್ಬೇಕು."

ಆ ಕಾಳು ನನ್ನ ಮಗಳಿಗಿತ್ತು. ಅದನ್ನು ಗಮನಿಸಿದವರು ನಾನು ಮತ್ತು ಸೂಲಗಿತ್ತಿ ಮಾತ್ರ. ಸೂಲಗಿತ್ತಿ ಸತ್ತದ್ದು ಇವನು ನಮ್ಮಲ್ಲಿಗೆ ಬರುವ ಮೊದಲು.

ಹೋದ ಮಳೆಗಾಲದಲ್ಲಿ ಜ್ವರ ಬಂದು ಅವನು ತೀರಿಕೊಂಡ. ಕೊನೆಯ ದಿನವೂ ಮಾತ್ರೆ ಕೊಟ್ಟೆ, ಅವನು ಬಾಯಿ ತೆರೆದ. ನಾನು ನೋಡಲಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಒಂದು ದಿನವೂ ನೋಡಿದ್ದಿಲ್ಲ.

ಆ ಐದು ದಿನ ಅವನು ಉಗುಳಿರಲಿಲ್ಲ. ಬಚ್ಚಿಟ್ಟದ್ದು ನಾನು. ಡಾಕ್ಟರಿಗೆ ಹೇಳುವ ಧೈರ್ಯ ಬರಲಿಲ್ಲ, ಇಲ್ಲಿ ಬರೆದಿದ್ದೇನೆ.