ಬಿಜಲಿಯ ಗೋದಲಿಗೆ ನಾನು ಸುರಿದ ಹುರಳಿ

ಅಣ್ಣ, ಮುಂಡರಗಿಯ ಕುದುರೆಗಾಡಿ ಓಟದಲ್ಲಿ ನಿನ್ನ ಹೆಣ್ಣುಕುದುರೆ ಬಿಜಲಿಯನ್ನು ಕೆಡವಿದವನು ನಾನು — ನಿನ್ನ ಕೈಯಲ್ಲ. ಹನ್ನೆರಡು ವರ್ಷ ಈ ಮಾತು ನುಂಗಿಕೊಂಡಿದ್ದೆ. ಬರೆಯುವಾಗ ನಾಚಿಕೆಯಾಗುತ್ತಿದೆ, ಆದರೂ ಎದೆಯೊಳಗೆ ಏನೋ ಕುಣಿಯುತ್ತಿದೆ... ಯಾಕೆಂದು ಹೇಳುತ್ತೇನೆ, ತಡಿ.

ಆಗ ನಾನು ಕಳಸಾಪುರಕ್ಕೇ ದೊಡ್ಡ ಮೇವಿನ ಪಂಡಿತನಲ್ಲವೇ! ನಾನು ಮೇಯಿಸಿದ ಎತ್ತುಗಳು ಕಲ್ಲು ಜಗ್ಗುವ ಪಂದ್ಯ ಗೆದ್ದಿದ್ದವು. ಹತ್ತಿಕಾಳು, ಶೇಂಗಾ ಹಿಂಡಿ, ಬೇಯಿಸಿದ ಹುರಳಿ — ಕಸುವೆಂದರೆ ಇಷ್ಟೇ ಎಂದು ನಂಬಿದ್ದೆ. ನೀನೋ ಬಿಜಲಿಗೆ ಹೊಟ್ಟೆ ತುಂಬ ಹುಲ್ಲು, ಜೋಳದ ನುಚ್ಚು, ಒಂದೇ ಬೊಗಸೆ ನೆನೆಸಿದ ಹುರಳಿ ಹಾಕುತ್ತಿದ್ದೆ. ಓಡುವ ಕುದುರೆಯ ಹೊಟ್ಟೆ ಬೆಳೆಸುತ್ತಾನಲ್ಲ ಎಂದು ಒಳಗೊಳಗೇ ನಗುತ್ತಿದ್ದೆ.

ಓಟಕ್ಕೆ ಎಂಟು ದಿನ ಮೊದಲು ಗಾಡಿ ರಿಪೇರಿ ಮಾಡಿಸಲು ನೀನು ಲಕ್ಷ್ಮೇಶ್ವರಕ್ಕೆ ಹೊರಟೆ. "ಅಳತಿ ತಪ್ಪಿಸಬ್ಯಾಡಲೇ ತಮ್ಮಾ" ಅಂದೆ. ನೀನು ಬಸ್ಸು ಹತ್ತಿದ್ದೇ ತಡ, ನಾನು ಹುಲ್ಲು ಅರ್ಧಕ್ಕಿಳಿಸಿದೆ, ನುಚ್ಚು ನಿಲ್ಲಿಸಿದೆ. ಒಂದು ಬೊಗಸೆ ಹುರಳಿ ನಾಲ್ಕಾಯಿತು, ಮೇಲೆ ಹಿಂಡಿ. ಅವಳ ಮೈ ಮಿಂಚುತ್ತಿದೆ ಅನ್ನಿಸಿ ನಾನು ನೆಲದ ಮೇಲೆ ನಿಲ್ಲಲಿಲ್ಲ! ಆದರೆ ಬಕೆಟ್ಟುಗಟ್ಟಲೆ ನೀರು ಕುಡಿದಳು, ಕೊಟ್ಟಿಗೆಯಲ್ಲಿ ಕಣ್ಣು ಉರಿಯುವಷ್ಟು ಉಚ್ಚೆಯ ನಾತ. ಓಟದ ಹಿಂದಿನ ದಿನ, ನೀನು ಬರುವ ಮುಂಜಾನೆ, ನಾತ ನಿನಗೆ ತಿಳಿಯಬಾರದೆಂದು ನೆಲಕ್ಕೆಲ್ಲ ಬೂದಿ ಹರಡಿ ತೊಳೆದೆ.

ಎಂಥ ಓಟ ಅದು! ಮೊದಲರ್ಧ ನಾವೇ ಮುಂದೆ. ಗಾಡಿಯ ಬೆನ್ನಟ್ಟಿದ ಬೈಕಿನ ಹಿಂದೆ ಕುಳಿತು ಕೂಗಿ ಕೂಗಿ ನನ್ನ ಗಂಟಲು ಬಿದ್ದುಹೋಗಿತ್ತು. ಆಮೇಲೆ — ಅವಳ ಮೈಯೆಲ್ಲ ನೊರೆ, ಕಾಲು ಭಾರ. ಎಂದೂ ಚಾವಟಿ ಎತ್ತದ ನೀನು ಎತ್ತಿದೆ. ಎರಡು ಏಟು. ಅವಳು ಮುಗ್ಗರಿಸಿ ಬಿದ್ದಳು.

ಅವಳ ಕುತ್ತಿಗೆ ತಬ್ಬಿ ನೀನಂದೆ: "ಅದರದೇನೂ ತಪ್ಪಿಲ್ಲಲೇ. ನನ್ನ ಕೈನ ಕೆಟ್ಟೈತಿ."

ನೀರಿನ ಕೊಡ ಹಿಡಿದು ನಾನು ಪಕ್ಕದಲ್ಲೇ ಇದ್ದೆ. ಕೊಡದ ನೀರನ್ನು ಅವಳ ಮೈಮೇಲೆ ಸುರಿದೆ. ವಾರದಲ್ಲಿ ಅವಳು ಸುಧಾರಿಸಿದಳು. ನೀನು ಅವಳನ್ನು ಬೇರೆಯವರಿಗೆ ಕೊಟ್ಟುಬಿಟ್ಟೆ, ಅಂದಿನಿಂದ ಲಗಾಮು ಮುಟ್ಟಲಿಲ್ಲ.

ಈಗ ನಿನ್ನ ಮಗಳು ಸವಿತಾ ಎಳೆಯ ಕುದುರೆಯೊಂದನ್ನು ತಂದು, ಪಳಗಿಸುವುದನ್ನು ಕಲಿಸು ಎಂದು ತಿಂಗಳಿಂದ ಗೋಗರೆಯುತ್ತಿದ್ದಾಳೆ. ಕೆಟ್ಟ ಕೈಯಿಂದ ಏನು ಕಲಿಸಲಿ ಎಂದು ನೀನು ಎದ್ದು ಹೋಗುತ್ತೀ. ಅದರ ಮೇವು ಕೇಳಲು ನಿನ್ನೆ ಲಕ್ಕುಂಡಿಯಲ್ಲಿ ದನದ ಡಾಕ್ಟರನ್ನು ಕಂಡೆ. ಬಿಜಲಿಯ ಕತೆಯನ್ನೂ, ಯಾರದೋ ಕುದುರೆ ಎಂಬಂತೆ, ಹೇಳಿದೆ.

"ಎತ್ತಿನ ಮೇವು ಕುದರಿಗೆ ಹಾಕ್ಯಾರ್ರಿ" ಎಂದರು ಅವರು. "ಓಡಾಕ ಕಸುವು ಹುಲ್ಲು, ಜ್ವಾಳದಾಗಿಂದ ಬರತೈತಿ. ಹುರಳಿ, ಹಿಂಡಿ ಮೈ ಕಟ್ಟಾಕ. ಅದು ಹೆಚ್ಚಾದ್ರ ನೀರಡಿಕಿ, ಉಚ್ಚಿ, ಬೆವರು — ಅಷ್ಟ."

ಕುರ್ಚಿಯಿಂದ ಎದ್ದೇಬಿಟ್ಟೆ, ಅಣ್ಣ! ನಿನ್ನ ಅಳತೆ ಸರಿಯಿತ್ತು, ನಿನ್ನ ಕೈ ಸರಿಯಿತ್ತು! ಬಸ್ಸಿನಲ್ಲಿ ದಾರಿಯುದ್ದಕ್ಕೂ ಒಬ್ಬನೇ ನಗುತ್ತ ಬಂದೆ. ಮನೆ ಹತ್ತಿರವಾದಂತೆ ನಗು ನಿಂತಿತು. ಡಾಕ್ಟರು ಹೇಳುವವರೆಗೆ ನನಗೆ ಗೊತ್ತಿರಲಿಲ್ಲ ಎನ್ನಲಾರೆ. ಬೂದಿ ಹರಡಿದವನಿಗೆ ಗೊತ್ತಿತ್ತು.

ಇವತ್ತು ಎಳೆಯ ಕುದುರೆಗೆ ಹುಲ್ಲು ಹಾಕಿ ಬಂದಿದ್ದೇನೆ. ನುಚ್ಚು, ಹುರಳಿ ನಿನ್ನ ಅಳತೆಗೆ ಕಾದಿವೆ. ಹಳೆಯ ಲಗಾಮಿಗೆ ಎಣ್ಣೆ ಹಚ್ಚಿ ನಿನ್ನ ಪಡಸಾಲೆಯ ಗೂಟಕ್ಕೆ ತೂಗುಹಾಕಿದ್ದೇನೆ, ಈ ಕಾಗದ ಅದರ ಕೆಳಗಿದೆ. ನಾನು ಕೊಟ್ಟಿಗೆಯಲ್ಲಿ ಕುಳಿತಿರುತ್ತೇನೆ. ಓದಿದ ಮೇಲೆ ನನ್ನನ್ನು ಬೈಯಲು ಬಂದೇ ಬರುತ್ತೀ — ಬರುವಾಗ ಲಗಾಮು ತೆಗೆದುಕೊಂಡು ಬಾ.